ಮಾಂಸದ ಮಿತಬಳಕೆಯೂ ದ್ವಿದಳಧಾನ್ಯದ ವ್ಯವಸಾಯವೂ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗತಕ್ಕವರಿಗೆ ಬಹುಕಾಲದಿಂದ ಪರಿಚಿತವಾಗಿರುವ ಗುರುತುಗಳೆಂದರೆ ಅಲ್ಲಿಯ ಕಾರ್ಖಾನೆಗಳ ಹೊಗೆಗೊಳವೆಗಳು. ಮಲೆನಾಡಿನ ಸೌದೆಯನ್ನು ಇದ್ದಿಲು ಮಾಡಿ ೧೯೨೩ರಿಂದ ಕಬ್ಬಿಣವನ್ನು ಕರಗಿಸತೊಡಗಿದ ಕಬ್ಬಿಣದ ಕಾರ್ಖಾನೆ ಒಂದು. ೧೯೩೬ರಲ್ಲಿ ಸ್ಥಾಪಿತವಾಗಿ, ಕೆಲಸಗಾರರ ವಸತಿಗೆ ಕಾಗದನಗರವೆಂಬ ಹೆಸರನ್ನೇ ತಂದುಕೊಟ್ಟ ಮೈಸೂರು ಕಾಗದದ ಕಾರ್ಖಾನೆ ಮತ್ತೊಂದು. ಕಾಗದದ ತಯಾರಿಕೆಯು ೨೦೧೫ರಲ್ಲಿ ನಿಂತುಹೋಯಿತು. ಹವೆ ಕೆಡುವುದೆಂದರೆ ಕಾರ್ಖಾನೆಯ ಹೊಗೆ ಎಂದು ಭಾವಿಸಿದ್ದವರಿಗೆ, ಹೊಗೆ ನಿಂತಮೇಲೆ ಬಿಸಿಲೂ ಮಳೆಯೂ ಮೊದಲಿನ ಕ್ರಮಕ್ಕೆ ಬರಬೇಕಾಗಿತ್ತೆಂದು ತೋರಬಹುದು. ಹಾಗಾಗಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ೨೦೨೩ರ ಮುಂಗಾರು ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರದವರು ಸಾರಬೇಕಾಯಿತು. ಭದ್ರಾ ನಾಲೆಯ ನೀರಿಗಾಗಿ ಅಚ್ಚುಕಟ್ಟಿನ ರೈತರು ಬೀದಿಗಿಳಿದರು. ಮರುವರ್ಷ, ಎಂದರೆ ೨೦೨೪ರಲ್ಲಿ, ಭೂಮಂಡಲದ ಸರಾಸರಿ ಉಷ್ಣತೆಯು ೧೮೫೦ರಿಂದ ೧೯೦೦ರವರೆಗಿನ ಸರಾಸರಿಗಿಂತ ಸುಮಾರು ಒಂದೂವರೆ ಡಿಗ್ರಿ ಸೆಂಟಿಗ್ರೇಡಿನಷ್ಟು ಮೇಲೇರಿತು.

ಈ ಉಷ್ಣಕ್ಕೆ ಮುಖ್ಯ ಕಾರಣವು ಕಲ್ಲಿದ್ದಲು ಮತ್ತು ಎಣ್ಣೆಗಳ ಉರಿಯೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಗೆಯಿಲ್ಲದೆ, ಕಣ್ಣಿಗೆ ಕಾಣದೆ, ಕೊಟ್ಟಿಗೆಯಿಂದಲೂ ಗದ್ದೆಯಿಂದಲೂ ಏಳುವ ಒಂದು ಭಾಗವಿದೆ. ಅದು ಕೊನೆಗೆ ನಮ್ಮ ಊಟದ ಎಲೆಗೆ ಸಂಬಂಧಪಟ್ಟದ್ದು. ಗ್ರಾಮದ ಮುಖಂಡರೂ ಹಿಡುವಳಿದಾರರೂ ಆದ ವಾಚಕರು ಈ ವಿಷಯದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಗೋಬರ್ ಗ್ಯಾಸಿನ ತೊಟ್ಟಿಯನ್ನು ಕಟ್ಟಿಸಿರುವವರಿಗೆ ಇದನ್ನು ವಿವರಿಸುವುದು ಸುಲಭ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿಯು ಕೊಳೆತು, ಒಲೆಯನ್ನು ಉರಿಸುವ ಯಾವ ಅನಿಲವು ಹುಟ್ಟುವುದೋ ಅದರ ಮುಖ್ಯಾಂಶಕ್ಕೆ ಮೀಥೇನ್ ಎಂದು ಹೆಸರು. ಮೆಲುಕುಹಾಕುವ ಪ್ರಾಣಿಗಳಾದ ಹಸು, ಎಮ್ಮೆ, ಕುರಿ, ಮೇಕೆಗಳ ಮೊದಲನೆಯ ಹೊಟ್ಟೆಯೂ ಅಂಥದೇ ಒಂದು ತೊಟ್ಟಿ. ಮನುಷ್ಯನ ಜಠರವು ಅರಗಿಸಲಾರದ ಹುಲ್ಲಿನ ನಾರನ್ನು ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅರಗಿಸುತ್ತವೆ. ಆಗ ಹುಟ್ಟಿದ ಮೀಥೇನು ಬಹುಮಟ್ಟಿಗೆ ತೇಗಿನೊಡನೆ ಹೊರಬೀಳುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ನಡೆಯುವುದೂ ಇದೇ ಕ್ರಿಯೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲವು ಇಂಗಾಲಾಮ್ಲವಾಯುವಿಗಿಂತ ಸುಮಾರು ೨೭ ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು ೮೦ ಪಟ್ಟು ಉಷ್ಣವನ್ನು ಹಿಡಿದಿಡುತ್ತದೆ. ಇದರಲ್ಲಿ ಒಂದು ಅನುಕೂಲವೂ ಉಂಟು. ಇಂಗಾಲಾಮ್ಲವಾಯುವು ಶತಮಾನಗಟ್ಟಲೆ ಆಕಾಶದಲ್ಲಿ ನಿಲ್ಲತಕ್ಕದ್ದು. ಮೀಥೇನು ಹನ್ನೆರಡು ವರ್ಷಗಳ ಸುಮಾರಿಗೆ ಕ್ಷಯಿಸಿಹೋಗುತ್ತದೆ. ಆದುದರಿಂದ ಇಂದು ಕಡಿಮೆ ಮಾಡಿದುದರ ಫಲವನ್ನು ನಮ್ಮ ಮಕ್ಕಳ ಕಾಲದಲ್ಲಿಯೇ ಕಾಣಬಹುದು.

ಪಶುಸಂಗೋಪನೆಯ ಪಾಲೆಷ್ಟು ಎಂಬ ವಿಷಯದಲ್ಲಿ ಲೆಕ್ಕಗಳು ಒಂದೇ ಆಗಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ೨೦೦೬ರಲ್ಲಿ ನೂರಕ್ಕೆ ೧೮ ಎಂದೂ, ೨೦೧೩ರಲ್ಲಿ ೧೪.೫ ಎಂದೂ, ೨೦೨೩ರಲ್ಲಿ ಸುಮಾರು ೧೨ ಎಂದೂ ಪ್ರಕಟಿಸಿರುತ್ತಾರೆ. ಲೆಕ್ಕಹಾಕುವ ಕ್ರಮವು ಬದಲಾದದ್ದು ಇದಕ್ಕೆ ಒಂದು ಕಾರಣ. ಯಾವ ಆಹಾರಕ್ಕೆ ಎಷ್ಟು ಎಂಬುದನ್ನು ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ವಿದ್ವಾಂಸರು ೧೧೯ ದೇಶಗಳ ಸುಮಾರು ೩೮,೭೦೦ ಹಿಡುವಳಿಗಳ ವಿವರಗಳಿಂದ ಗುಣಿಸಿ ೨೦೧೮ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಪ್ರಕಾರ ನೂರು ಗ್ರಾಂ ಪ್ರೋಟೀನನ್ನು ಪಡೆಯಲು, ಇಂಗಾಲಾಮ್ಲವಾಯುವಿನ ಸಮಾನವಾಗಿ ಎಣಿಸಿದರೆ, ಮಾಂಸಕ್ಕಾಗಿಯೇ ಸಾಕಿದ ದನದಿಂದ ಸುಮಾರು ೫೦ ಕಿಲೋಗ್ರಾಂ, ಕುರಿಮಾಂಸದಿಂದ ೨೦, ಕೋಳಿಮಾಂಸದಿಂದ ೫.೭, ಮೊಟ್ಟೆಯಿಂದ ೪.೨, ದ್ವಿದಳಧಾನ್ಯಗಳಿಂದ ಒಂದಕ್ಕಿಂತಲೂ ಕಡಿಮೆ ಅನಿಲವು ಹೊರಡುತ್ತದೆ. ಇವು ಜಗತ್ತಿನ ಸರಾಸರಿಗಳೇ ಹೊರತು ನಮ್ಮ ಜಿಲ್ಲೆಯ ಅಳತೆಗಳಲ್ಲ. ಆದರೂ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವು ಇಷ್ಟು ದೊಡ್ಡದಾಗಿರುವಾಗ, ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕ್ರಮವು ತಲೆಕೆಳಗಾಗುವ ಸಂಭವವಿಲ್ಲ.

ಇಷ್ಟನ್ನು ಓದಿದಮೇಲೆ ಪರದೇಶದ ಪತ್ರಿಕೆಗಳ ಉಪದೇಶವನ್ನು ಹಾಗೆಯೇ ತಂದು ನಮ್ಮ ಹಳ್ಳಿಗಳಲ್ಲಿ ಸಾರುವುದು ಯುಕ್ತವೇ? ಯುಕ್ತವಲ್ಲ. ಅಮೆರಿಕಾದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ನೂರು ಕಿಲೋಗ್ರಾಮಿಗೂ ಮಿಕ್ಕ ಮಾಂಸ ಬರುತ್ತದೆ. ಭಾರತದ ಒಬ್ಬನ ಪಾಲು ಹತ್ತು ಕಿಲೋಗ್ರಾಮನ್ನೂ ಮುಟ್ಟುವುದಿಲ್ಲ. ಅಲ್ಲಿಯ ಚರ್ಚೆಯೆಲ್ಲ ದನದ ಮಾಂಸವನ್ನು ಕುರಿತದ್ದು. ನಮ್ಮ ರಾಜ್ಯದಲ್ಲಿ ೨೦೨೦ರ ಶಾಸನದ ಪ್ರಕಾರ, ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಜಾನುವಾರುಗಳ ವಧೆಯೇ ನಿಷಿದ್ಧವಾಗಿದೆ. ಹಬ್ಬಕ್ಕೊಮ್ಮೆ ಕುರಿಯ ಸಾರನ್ನು ಕಾಣುವ ಕೂಲಿಯವನಿಗೆ ಮಾಂಸವನ್ನು ಕಡಿಮೆಮಾಡೆಂದು ಹೇಳುವುದು ಅವಿವೇಕ. ಹಾಗಾದರೆ ಈ ಪ್ರಸ್ತಾಪವೇಕೆಂದರೆ, ಒಂದು ತಲೆಮಾರಿನ ಈಚೆಗೆ ಉಳ್ಳವರ ಊಟದ ಕ್ರಮವು ಬದಲಾಗಿದೆ. ಅದಕ್ಕಿಂತ ಹೆಚ್ಚಾಗಿ ಔತಣಗಳ ಕ್ರಮವು ಬದಲಾಗಿದೆ.

ಮೊದಲು ಕೋಳಿಯ ವಿಚಾರ. ಹಿಂದೆ ಮನೆಮನೆಯಲ್ಲಿದ್ದ ನಾಟಿಕೋಳಿಯು ತಿಪ್ಪೆಯನ್ನು ಕೆದಕಿ, ಹುಳುಹುಪ್ಪಟೆಯನ್ನೂ ಚೆಲ್ಲಿದ ಕಾಳನ್ನೂ ಆಯ್ದು ಬೆಳೆಯುತ್ತಿತ್ತು. ಮನುಷ್ಯನ ಆಹಾರದಲ್ಲಿ ಅದು ಪಾಲು ಕೇಳುತ್ತಿರಲಿಲ್ಲ. ಈಗ ದೇಶದಲ್ಲಿ ಉತ್ಪನ್ನವಾಗುವ ಮಾಂಸದಲ್ಲಿ ಸುಮಾರು ಅರ್ಧವು ಕೋಳಿಯದು, ಅದರಲ್ಲಿ ಬಹುಪಾಲು ಆರು ವಾರಗಳಲ್ಲಿ ಎರಡು ಕಿಲೋಗ್ರಾಂ ತೂಗುವ ಫಾರಂ ಕೋಳಿಯದು. ಈ ಕೋಳಿಯ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಮಿಕ್ಕುದರಲ್ಲಿ ಬಹುಭಾಗ ಸೋಯಾ ಹಿಂಡಿ. ಒಂದು ಕಿಲೋಗ್ರಾಂ ಮಾಂಸಕ್ಕೆ ಸುಮಾರು ಎರಡೂವರೆ ಕಿಲೋಗ್ರಾಂ ಆಹಾರ ಬೇಕು. ಆ ಆಹಾರದಲ್ಲಿ ಅರ್ಧ ಕಿಲೋಗ್ರಾಮಿನಷ್ಟು ಪ್ರೋಟೀನು ಇರುತ್ತದೆ. ಮಾಂಸದಲ್ಲಿ ಮರಳಿ ಬರುವುದು ಸುಮಾರು ಇನ್ನೂರು ಗ್ರಾಂ. ಅರ್ಧಕ್ಕಿಂತ ಹೆಚ್ಚಿನದು ನಡುವೆ ವ್ಯಯವಾಯಿತೆಂದು ಅರ್ಥ.

ಶಿಕಾರಿಪುರ, ಸೊರಬದ ಕಡೆಯ ಹೊಲಗಳನ್ನು ನೋಡಿದವರಿಗೆ ಈ ಲೆಕ್ಕವು ಕೇವಲ ಪುಸ್ತಕದ್ದಲ್ಲವೆಂದು ತಿಳಿಯುತ್ತದೆ. ಮಳೆಯಾಶ್ರಯದ ಹೊಲಗಳಲ್ಲಿ ರಾಗಿ ಜೋಳಗಳೊಡನೆ ಅಕ್ಕಡಿಸಾಲಿನಲ್ಲಿ ಅವರೆಯೋ ತೊಗರಿಯೋ ಅಲಸಂದೆಯೋ ಬರುತ್ತಿದ್ದುದು ಹೋಗಿ, ಈಗ ಕಣ್ಣು ಹಾಯುವವರೆಗೂ ಮೆಕ್ಕೆಜೋಳವೊಂದೇ. ಈಚೆಗೆ ಎಥನಾಲ್ ತಯಾರಿಕೆಗೂ ಅದು ಬೇಕಾಗಿರುವುದರಿಂದ ಗಿರಾಕಿ ಮತ್ತೂ ಹೆಚ್ಚಿದೆ. ಇದಕ್ಕಾಗಿ ರೈತನನ್ನು ದೂರುವುದು ನ್ಯಾಯವಲ್ಲ. ಕೊಳ್ಳುವವನಿರುವ ಬೆಳೆಯನ್ನೇ ಅವನು ಬೆಳೆಯುತ್ತಾನೆ. ಆದರೆ ಮನೆಯವರ ಊಟಕ್ಕೆ ಬೇಕಾದ ಬೇಳೆಯನ್ನು ಅಂಗಡಿಯಿಂದ ತಂದು, ಹೊಲದಲ್ಲಿ ಪರರ ಕೋಳಿಗೆ ಮೇವು ಬೆಳೆಯುತ್ತಿದ್ದೇವೆಂಬುದು ಅವನ ಗಮನದಲ್ಲಿದ್ದರೆ ಒಳ್ಳೆಯದು. ದೇಶವು ೨೦೨೪-೨೫ರಲ್ಲಿ ೭೦ ಲಕ್ಷ ಟನ್ನಿಗೂ ಮಿಕ್ಕ ದ್ವಿದಳಧಾನ್ಯವನ್ನು ಹೊರಗಿನಿಂದ ತರಿಸಿಕೊಂಡಿತು.

ಇನ್ನು ಔತಣದ ವಿಚಾರ. ಮದುವೆಯ ಬೀಗರೂಟ, ಮಾರಿಹಬ್ಬ, ಗೃಹಪ್ರವೇಶದ ಮರುದಿನ, ಈಚೆಗೆ ಚುನಾವಣೆಯ ಗೆಲುವು, ಹೀಗೆ ಬಾಡೂಟದ ಸಂದರ್ಭಗಳು ಹೆಚ್ಚಿರುವುದಲ್ಲದೆ, ಒಂದು ಬಗೆಯ ಮಾಂಸವಿದ್ದ ಎಲೆಯಲ್ಲಿ ಈಗ ಮೂರು ಬಗೆಯನ್ನು ಬಡಿಸುವುದು ಮರ್ಯಾದೆಯೆನಿಸಿದೆ. ಐದುನೂರು ಜನರ ಒಂದು ಊಟಕ್ಕೆ, ತಲೆಗೆ ೧೫೦ ಗ್ರಾಮಿನಂತೆ, ೭೫ ಕಿಲೋಗ್ರಾಂ ಕುರಿಮಾಂಸ ಬೇಕೆಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು ೧೫ ಕಿಲೋಗ್ರಾಂ ಪ್ರೋಟೀನಿರುತ್ತದೆ. ಮೇಲೆ ಹೇಳಿದ ಜಗತ್ತಿನ ಸರಾಸರಿಯಂತೆ ಈ ಒಂದು ಊಟಕ್ಕೆ ಹೊರಡುವ ಅನಿಲವು ೩,೦೦೦ ಕಿಲೋಗ್ರಾಂ. ಅಷ್ಟೇ ಪ್ರೋಟೀನನ್ನು ಕೋಳಿಯಿಂದ ಒದಗಿಸಿದರೆ ಸುಮಾರು ೮೫೦. ಕಾಳುಗಳಿಂದ ಒದಗಿಸಿದರೆ ೧೫೦ಕ್ಕಿಂತಲೂ ಕಡಿಮೆ. ಬಯಲು ಮೇದು ಬೆಳೆದ ನಮ್ಮ ಕುರಿಗೆ ಈ ಸರಾಸರಿಯು ಪೂರ್ಣವಾಗಿ ಒಪ್ಪದಿರಬಹುದು. ಒಪ್ಪುವ ಸಂಗತಿಯೊಂದಿದೆ: ಎಲೆಯಲ್ಲಿ ಬಿಟ್ಟು ಎದ್ದ ತುಂಡಿಗೂ ತಿಂದ ತುಂಡಿಗೂ ಖರ್ಚಾದದ್ದು ಒಂದೇ. ಊಟ ಮುಗಿದಮೇಲೆ ಛತ್ರದ ಹಿಂಭಾಗದಲ್ಲಿ ಬೀಳುವ ರಾಶಿಯನ್ನು ನೋಡಿದವರು ಇದನ್ನು ಒಪ್ಪದೆ ಇರಲಾರರು.

ಇದಕ್ಕೆ ಉಪಾಯವಾಗಿ ಬಾಡೂಟವನ್ನೇ ನಿಲ್ಲಿಸಬೇಕೆಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ. ಮೂರು ಬಗೆಯ ಬದಲು ಒಂದೇ ಬಗೆ. ಮಾಂಸದ ಸಾರಿನಲ್ಲಿ ಅರ್ಧದಷ್ಟು ಅವರೆಕಾಳು. ಬಡಿಸುವವರಿಗೆ, ಕೇಳಿದಮೇಲೆ ಎರಡನೆಯ ಸಲ ಬಡಿಸತಕ್ಕದ್ದೆಂಬ ಸೂಚನೆ. ಇವು ಸಾಕು. ಮಾಂಸಕ್ಕೆ ಅವರೆಕಾಳನ್ನು ಬೆರೆಸುವುದು ಹಳೆಯ ಮೈಸೂರು ಸೀಮೆಯ ಅಡುಗೆಮನೆಗಳಿಗೆ ಹೊಸದೇನಲ್ಲ. ಕಾಲವು ಬಂದಾಗ ಹಿತಕಿದ ಅವರೆಗೆ ಮಾಂಸಕ್ಕಿಂತ ಹೆಚ್ಚು ಮರ್ಯಾದೆ. ಊರಿನ ದೊಡ್ಡ ಮನೆಯವರು ಒಂದೆರಡು ಸಲ ಹೀಗೆ ಮಾಡಿದರೆ, ಸಾಲಮಾಡಿ ಮೂರು ಬಗೆ ಬಡಿಸುತ್ತಿದ್ದ ಸಣ್ಣ ಮನೆಯವರಿಗೆ ಎಷ್ಟೋ ಹೊರೆ ಇಳಿದಂತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಊರಿನ ಮುಖಂಡರ ಮಾತಿಗೆ ಬಲವಿದೆ. ಆ ಬಲವನ್ನು ಪರರ ಅಡುಗೆಮನೆಯ ಮೇಲೆ ಪ್ರಯೋಗಿಸಕೂಡದು. ಯಾವ ಕುಲದವರು ಏನನ್ನು ಉಣ್ಣಬೇಕೆಂದು ಕಟ್ಟುಪಾಡು ವಿಧಿಸುವುದಾಗಲಿ, ದಂಡ ಹಾಕುವುದಾಗಲಿ, ವಾಯುಗುಣದ ಹೆಸರಿನಲ್ಲಿ ಹಳೆಯ ತಿರಸ್ಕಾರಗಳಿಗೆ ಹೊಸ ಬಟ್ಟೆಯನ್ನು ತೊಡಿಸುವುದಾಗಲಿ ಸರ್ವಥಾ ಸಲ್ಲದು. ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ರಕ್ತಹೀನತೆಯಿಂದ ನರಳುವವರು ಇವರ ಪಾಲಿನ ಮೊಟ್ಟೆ, ಮೀನು, ಮಾಂಸಗಳಲ್ಲಿ ಒಂದು ಚೂರನ್ನೂ ಕಡಿಮೆಮಾಡಲು ಈ ಲೇಖನವು ಹೇಳುವುದಿಲ್ಲ. ಬಿ೧೨ ಎಂಬ ಜೀವಸತ್ವವು ಕಾಳುಗಳಲ್ಲಿಲ್ಲ. ಕಾಳಿನ ಕಬ್ಬಿಣಾಂಶವು ಮಾಂಸದ್ದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ ೨೦೨೪ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ. ಅದಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಮುಖಂಡರ ಕರ್ತವ್ಯ. ಕುರುಬರ ಮಂದೆಯ ವಿಷಯದಲ್ಲಿಯೂ ಹಾಗೆಯೇ. ಸುಗ್ಗಿಯ ನಂತರ ಹೊಲದಲ್ಲಿ ಮಂದೆ ಕೂಡಿಸಿದರೆ ದೊರೆಯುವ ಗೊಬ್ಬರದ ಬೆಲೆಯನ್ನು ಬಲ್ಲವರು, ಕುರಿಯನ್ನು ಕೇವಲ ಮೀಥೇನಿನ ಲೆಕ್ಕದಿಂದ ಅಳೆಯಲಾರರು.

ಮಾಂಸವನ್ನು ಮುಟ್ಟದವರು ಇದುವರೆಗೆ ಹೇಳಿದ್ದನ್ನು ಸಂತೋಷದಿಂದ ಓದಿರಬಹುದು. ಅವರಿಗೂ ಒಂದು ಮಾತಿದೆ. ೨೦೧೯ರ ಜಾನುವಾರು ಗಣತಿಯಂತೆ ದೇಶದಲ್ಲಿ ೧೯ ಕೋಟಿಗೂ ಮಿಕ್ಕ ದನಗಳೂ ಸುಮಾರು ೧೧ ಕೋಟಿ ಎಮ್ಮೆಗಳೂ ಇದ್ದುವು. ಇವುಗಳನ್ನು ಸಾಕಿರುವುದು ಮುಖ್ಯವಾಗಿ ಹಾಲಿಗಾಗಿ, ಸ್ವಲ್ಪಮಟ್ಟಿಗೆ ಉಳುಮೆಗಾಗಿ. ಭಾರತದ ಪಶುಗಳಿಂದೇಳುವ ಮೀಥೇನಿನಲ್ಲಿ ಬಹುಭಾಗವು ಹಾಲು ತುಪ್ಪಗಳ ಲೆಕ್ಕಕ್ಕೆ ಹೋಗತಕ್ಕದ್ದೇ ಹೊರತು ಮಾಂಸದ ಲೆಕ್ಕಕ್ಕಲ್ಲ. ಹೊಟ್ಟೆಗಿಲ್ಲದ ನಾಲ್ಕು ಹಸುಗಳಿಗಿಂತ ಚೆನ್ನಾಗಿ ಮೇಯಿಸಿದ ಎರಡು ಹಸುಗಳು ಹೆಚ್ಚು ಹಾಲನ್ನೂ ಕಡಿಮೆ ಅನಿಲವನ್ನೂ ಕೊಡುತ್ತವೆಂಬುದು ಪಶುವೈದ್ಯರ ಹಳೆಯ ಮಾತು. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಒಗರುಳ್ಳ ಗಿಡಮೂಲಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ಸಿದ್ಧಪಡಿಸಿ, ಅದರಿಂದ ಮೀಥೇನು ನೂರಕ್ಕೆ ೧೭ರಿಂದ ೨೦ರಷ್ಟು ತಗ್ಗುವುದೆಂದು ಹೇಳಿರುತ್ತಾರೆ.

ಗದ್ದೆಯದು ಇದಕ್ಕಿಂತಲೂ ಸಮೀಪದ ಮಾತು. ದಕ್ಷಿಣ ಏಷ್ಯಾದ ಗದ್ದೆಗಳಿಗೆ ವಿಜ್ಞಾನಿಗಳು ಒಪ್ಪಿರುವ ಅಂದಾಜಿನಂತೆ, ಸದಾ ನೀರು ನಿಂತ ಒಂದು ಎಕರೆ ಬತ್ತದಿಂದ ಒಂದು ಬೆಳೆಗೆ ಸುಮಾರು ನಲವತ್ತು ಕಿಲೋಗ್ರಾಂ ಮೀಥೇನು ಹೊರಡುತ್ತದೆ. ಒಂದು ಕುರಿಯು ಇಡೀ ವರ್ಷದಲ್ಲಿ ಬಿಡುವುದು ಸುಮಾರು ಐದು ಕಿಲೋಗ್ರಾಂ. ಎಂದರೆ ಒಂದು ಎಕರೆಯ ಒಂದು ಬೆಳೆಯು ಎಂಟು ಕುರಿಗಳಿಗೆ ಸಮ. ಭದ್ರಾ ಅಚ್ಚುಕಟ್ಟಿನಲ್ಲಿ ಎರಡು ಬೆಳೆ ತೆಗೆದರೆ ಹದಿನಾರು ಕುರಿಗಳಿಗೆ ಸಮ. ನೀರನ್ನು ಆಗಾಗ್ಗೆ ಬಸಿದು, ನೆಲವು ಆರಿದಮೇಲೆ ಮತ್ತೆ ಕಟ್ಟಿದರೆ ಇದು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ನೀರೂ ಉಳಿಯುತ್ತದೆ. ಬೇಸಿಗೆಯ ಬತ್ತದ ಬದಲು ಕಾಳನ್ನು ಬಿತ್ತಿದರಂತೂ ಆ ಕಾಲದ ಲೆಕ್ಕವೇ ಇಲ್ಲವಾಗುತ್ತದೆ.

ಮಾಂಸವನ್ನು ಮಿತಗೊಳಿಸಿದವನ ಎಲೆಗೆ ಬೇಕಾದದ್ದೂ, ನಾಲೆಯಲ್ಲಿ ನೀರು ಸಾಲದ ವರ್ಷ ಗದ್ದೆಗೆ ಬೇಕಾದದ್ದೂ ಈ ಕಾಳೇ. ಹುರುಳಿ, ಅಲಸಂದೆ, ಹೆಸರು, ಉದ್ದುಗಳಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕ ಪ್ರೋಟೀನು ಇದೆ. ಅನ್ನದಲ್ಲಿಯೂ ಮುದ್ದೆಯಲ್ಲಿಯೂ ಇರುವ ಕೊರತೆಯನ್ನು ಇವು ತುಂಬುತ್ತವೆ, ಇವುಗಳ ಕೊರತೆಯನ್ನು ಅವು ತುಂಬುತ್ತವೆ. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಯೂರಿಯದ ಖರ್ಚೂ ಉಳಿಯುತ್ತದೆ. ಇಷ್ಟೆಲ್ಲ ಗುಣಗಳಿದ್ದೂ ಬತ್ತದ ಕೊಯ್ಲಿನ ನಂತರ ಮಲೆನಾಡಿನ ಗದ್ದೆಗಳು ಬಹುಮಟ್ಟಿಗೆ ಬರಿದಾಗಿ ಬಿದ್ದಿರುತ್ತವೆ. ಕಾರಣವೇನು?

ಭೂಮಿಯ ದೋಷವಲ್ಲ, ತಿಳಿವಳಿಕೆಯ ದೋಷವೂ ಅಲ್ಲ. ಬಯಲಿನಲ್ಲಿ ಒಬ್ಬನು ಅಲಸಂದೆಯನ್ನು ಚೆಲ್ಲಿದರೆ, ಸುಗ್ಗಿ ಮುಗಿಯಿತೆಂದು ಊರವರು ಬಿಟ್ಟ ದನಗಳೆಲ್ಲ ಅವನ ಗದ್ದೆಗೇ ನುಗ್ಗುತ್ತವೆ. ಅವನು ಬೇಲಿ ಕಟ್ಟಿದರೆ ಕಾಳಿನ ಬೆಲೆಗಿಂತ ಬೇಲಿಯ ಬೆಲೆಯೇ ಹೆಚ್ಚು. ಉಳಿದದ್ದು ನವಿಲಿಗೂ ಕಾಡುಹಂದಿಗೂ ಆಗುತ್ತದೆ. ಒಂದು ವರ್ಷ ಹೀಗಾದಮೇಲೆ ಮರುವರ್ಷ ಅವನು ಬಿತ್ತುವುದಿಲ್ಲ. ಒಬ್ಬೊಬ್ಬ ರೈತನ ಕೈಲಿ ಆಗದ ಈ ಕೆಲಸವು ಊರಿನ ಮುಖಂಡರ ಕೈಲಿ ಆಗತಕ್ಕದ್ದು. ಕೊಯ್ಲಿಗೆ ಒಂದು ತಿಂಗಳು ಮುಂಚೆಯೇ ಬಯಲಿನ ಹಿಡುವಳಿದಾರರನ್ನೆಲ್ಲ ಸೇರಿಸಿ, ಒಂದೇ ಕಡೆಯಲ್ಲಿ ಹೊಂದಿಕೊಂಡಂತಿರುವ ಮೂವತ್ತು ನಲವತ್ತು ಎಕರೆಯನ್ನು ಗೊತ್ತುಮಾಡಿ, ಆ ಪಾತಳಿಯಲ್ಲಿ ಎಲ್ಲರೂ ಒಂದೇ ವಾರದಲ್ಲಿ ಬಿತ್ತುವುದೆಂದೂ, ಕಾಳು ಮನೆಗೆ ಬರುವವರೆಗೆ ದನಗಳನ್ನು ಬೇರೆ ಕಡೆಗೆ ಹೊಡೆಯುವುದೆಂದೂ, ಒಬ್ಬ ಕಾವಲುಗಾರನ ಕೂಲಿಯನ್ನು ಎಕರೆವಾರು ಹಂಚಿಕೊಳ್ಳುವುದೆಂದೂ ನಿಶ್ಚಯಿಸತಕ್ಕದ್ದು. ನಿಲ್ಲದ ದನಗಳಿಗೆ ಪಂಚಾಯಿತಿಯ ದೊಡ್ಡಿ ಇರುವುದು ಇದಕ್ಕಾಗಿಯೇ. ಜಮೀನಿಲ್ಲದವರ ದನಗಳಿಗೆ ಮೇಯಲು ಬೇರೆ ಸ್ಥಳವನ್ನು ಮೊದಲೇ ತೋರಿಸದಿದ್ದರೆ ಮಾತ್ರ ಈ ಏರ್ಪಾಡು ಹದಿನೈದು ದಿನವೂ ನಿಲ್ಲದು.

ಆದಾಯದ ವಿಷಯದಲ್ಲಿ ಹೆಚ್ಚಿನ ಆಸೆಯನ್ನು ಹುಟ್ಟಿಸುವುದು ಸರಿಯಲ್ಲ. ಉಳಿದ ತೇವದ ಮೇಲೆ ಬೆಳೆದ ಕಾಳು ಎಕರೆಗೆ ಎರಡು ಮೂರು ಕ್ವಿಂಟಾಲನ್ನು ಮೀರುವುದು ಅಪರೂಪ. ೨೦೨೫-೨೬ಕ್ಕೆ ಕೇಂದ್ರ ಸರ್ಕಾರದವರು ಕ್ವಿಂಟಾಲಿಗೆ ಉದ್ದಿಗೆ ೭,೮೦೦ ರೂಪಾಯಿ, ಹೆಸರಿಗೆ ೮,೭೬೮ ರೂಪಾಯಿ ಬೆಂಬಲಬೆಲೆಯನ್ನು ಗೊತ್ತುಮಾಡಿದರು. ಹುರುಳಿ ಅಲಸಂದೆಗಳಿಗೆ ಅಂಥ ಬೆಲೆಯಿಲ್ಲ. ಆದುದರಿಂದ ಮಾರುವ ಉದ್ದೇಶವುಳ್ಳವರು ಉದ್ದು ಹೆಸರುಗಳನ್ನೂ, ಮನೆಯ ಬಳಕೆಗೆ ಬಯಸುವವರು ಅಲಸಂದೆ ಹುರುಳಿಗಳನ್ನೂ ಬಿತ್ತುವುದು ಮೇಲು. ದಿನಕ್ಕೆ ತಲೆಗೆ ನಲವತ್ತು ಗ್ರಾಮಿನಂತೆ ಐದು ಜನರ ಸಂಸಾರಕ್ಕೆ ವರ್ಷಕ್ಕೆ ೭೩ ಕಿಲೋಗ್ರಾಂ ಸಾಕು. ಒಂದು ಎಕರೆಯ ಎರಡು ಕ್ವಿಂಟಾಲು ಎರಡು ಸಂಸಾರಗಳಿಗೆ ಆಗಿ ಮಿಗುತ್ತದೆ.

ಬಿತ್ತನೆಯ ಕ್ರಮವನ್ನು ಸಂಕ್ಷೇಪವಾಗಿ ತಿಳಿಸುವುದಾದರೆ: ಕೊಯ್ಲಾದೊಡನೆ, ನೆಲದ ಹಸಿ ಆರುವ ಮುನ್ನ ಬಿತ್ತಬೇಕು, ಒಂದು ವಾರ ತಡವಾದರೆ ಬೆಳೆಯು ಕೈಬಿಟ್ಟಂತೆಯೇ. ಕೃಷ್ಣಾ ಗೋದಾವರಿಗಳ ಮುಖಜಭೂಮಿಯ ರೈತರು ಕೊಯ್ಲಿಗೆ ಎರಡು ಮೂರು ದಿನ ಮುಂಚೆ ನಿಂತ ಪೈರಿನೊಳಗೇ ಉದ್ದನ್ನು ಚೆಲ್ಲುತ್ತಾರೆ. ಕೈಯಿಂದ ಕೊಯ್ಯುವ ಕಡೆ ಇದನ್ನು ಅನುಸರಿಸಬಹುದು. ಕಟಾವು ಯಂತ್ರದ ಚಕ್ರಗಳು ಹರಿಯುವ ಗದ್ದೆಯಲ್ಲಿ ಪ್ರಯೋಜನವಿಲ್ಲ. ಬೀಜವು ಎಕರೆಗೆ ಅಲಸಂದೆ, ಹುರುಳಿ ಹತ್ತು ಕಿಲೋಗ್ರಾಂ, ಉದ್ದು, ಹೆಸರು ಸಾಲಿನಲ್ಲಿ ಬಿತ್ತುವುದಾದರೆ ಆರು ಕಿಲೋಗ್ರಾಂ, ಚೆಲ್ಲುವುದಾದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಜೀವಾಣು ಗೊಬ್ಬರವನ್ನು ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತತಕ್ಕದ್ದು. ಹೆಸರು ಸುಮಾರು ಎರಡು ತಿಂಗಳು ಹತ್ತು ದಿನದಲ್ಲಿ, ಉದ್ದು ಎರಡೂವರೆ ತಿಂಗಳಿನಲ್ಲಿ, ಅಲಸಂದೆ ಮೂರು ತಿಂಗಳಿನೊಳಗೆ ಕೊಯ್ಲಿಗೆ ಬರುತ್ತದೆ. ಬೀಜಕ್ಕಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ತಳಿಗಳ ಆಯ್ಕೆಗಾಗಿ ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದವರಲ್ಲಿಯೂ ಮುಂಚಿತವಾಗಿ ವಿಚಾರಿಸಬಹುದು. ಕಾಳು ಮನೆಗೆ ಬಂದಮೇಲೆ ಕಚ್ಚಿದರೆ ಟಕ್ಕೆಂದು ಮುರಿಯುವಷ್ಟು ಒಣಗಿಸಿ, ಜರಡಿಹಿಡಿದ ಒಲೆಯ ಬೂದಿಯನ್ನು ಬೆರೆಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಅಂಚಿನವರೆಗೆ ತುಂಬಿಡಬೇಕು. ಅರ್ಧ ತುಂಬಿದ ಡಬ್ಬದಲ್ಲಿ ಹುಳುವು ಬೇಗ ಬೀಳುತ್ತದೆ.